ಕರೆಂಟ್ ಬಂತು, ಗಣಕ ಎದ್ದಿತು. ಫೋಲ್ಡರ್ ಮಾತ್ರ ಬರಲಿಲ್ಲ!

ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ನದಿಯ ದಂಡೆಗಿರುವ ಘತ್ತರಗಿ, ಭಾಗ್ಯವಂತಿ ದೇವಿಯ ಕ್ಷೇತ್ರವೆಂದು ನಾಡಿಗೆ ಪರಿಚಿತ. ಅಮಾವಾಸ್ಯೆ ಬಂತೆಂದರೆ ಗಡಿಯಾಚೆಯ ಮಹಾರಾಷ್ಟ್ರದಿಂದಲೂ ಭಕ್ತರು ಇಲ್ಲಿಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಇದು ಹೊಲ, ಹೊಳೆ, ತೊಗರಿ, ಕಬ್ಬುಗಳ ಊರು. ಇಂತಹ ಊರುಗಳಲ್ಲೂ ಇಂದು ಲೆಕ್ಕ ಬರೆಯುವುದು ಕೆಂಪು ಬಟ್ಟೆಯ ಕಿರ್ದಿ ಪುಸ್ತಕದಲ್ಲಲ್ಲ, ಗಣಕದಲ್ಲಿ.

ಇಲ್ಲಿನ ಒಂದು ದಲಾಲಿ ಅಂಗಡಿಯನ್ನು ಊಹಿಸಿಕೊಳ್ಳಿ. ಒಳಕೋಣೆಯಲ್ಲೊಂದು ಗಣಕ, ಮುಂಗಟ್ಟಿನಲ್ಲೊಂದು ಗಣಕ. ಲೆಕ್ಕವೆಲ್ಲ ಇರುವುದು ಒಳಗಿನ ಗಣಕದಲ್ಲಿ. ಮುಂಗಟ್ಟಿನಲ್ಲಿ ಕುಳಿತ ಮುನೀಮರು ಜಾಲದ ಮೂಲಕ ಅದೇ ಫೋಲ್ಡರನ್ನು ತೆರೆದು ಕೆಲಸ ಮಾಡುತ್ತಾರೆ. ಜನವರಿ ತಿಂಗಳು, ತೊಗರಿಯ ಸುಗ್ಗಿ. ಮಧ್ಯಾಹ್ನ ಕರೆಂಟ್ ಹೋಗಿ ಇಪ್ಪತ್ತು ನಿಮಿಷದ ಮೇಲೆ ಬಂತು. ಮುಂಗಟ್ಟಿನ ಗಣಕ ಕ್ಷಣದಲ್ಲಿ ಎದ್ದು ಕುಳಿತಿತು. ಆದರೆ ಲೆಕ್ಕದ ತಂತ್ರಾಂಶ ತೆರೆದರೆ ಪಟ್ಟಿ ಖಾಲಿ!

"ಹಳೇ ಲೆಕ್ಕ ಯಾವೂ ಕಾಣವಲ್ಲವ್ರೀ ಸಾವಕಾರ್ರ" ಎನ್ನುತ್ತಾರೆ ಮುನೀಮರು. ಹೊರಗೆ ತೂಕಕ್ಕೆ ರೈತರು ಕಾದು ನಿಂತಿದ್ದಾರೆ. ಬೇರೆ ದಾರಿ ಕಾಣದೆ ಅದೇ ಗಣಕದಲ್ಲಿ ಹೊಸ ಖಾತೆಯೊಂದನ್ನು ತೆರೆದು ಸಂಜೆಯವರೆಗೆ ಬರೆಯುತ್ತಾರೆ. ಮರುದಿನ ಬೆಳಿಗ್ಗೆ ಹಳೆಯ ಲೆಕ್ಕ ತಾನಾಗಿಯೇ ಪ್ರತ್ಯಕ್ಷ. ಆದರೆ ನಿನ್ನೆ ಮಧ್ಯಾಹ್ನದ ನಂತರ ಬರೆದದ್ದು ಅದರಲ್ಲಿ ಒಂದೂ ಇಲ್ಲ.

ಇಲ್ಲಿ ಕಳ್ಳನಿಲ್ಲ, ವೈರಸ್ ಇಲ್ಲ, ಡಿಸ್ಕ್ ಕೆಟ್ಟಿಲ್ಲ. ಆದದ್ದು ಇಷ್ಟೇ: ಗಣಕ ಆರಂಭವಾಗುವಾಗ ಜಾಲದಲ್ಲಿನ ಹಂಚಿಕೆಯ ಫೋಲ್ಡರ್ ಜೋಡಣೆಯಾಗಲಿಲ್ಲ. ತಂತ್ರಜ್ಞರ ಮಾತಿನಲ್ಲಿ ಹೇಳುವುದಾದರೆ 'ಮೌಂಟ್' ಆಗಲಿಲ್ಲ. ಸಣ್ಣ ವರ್ತಕರ ಅಂಗಡಿಯಿಂದ ಹಿಡಿದು ಬೆಂಗಳೂರಿನ ಲೆಕ್ಕಪರಿಶೋಧಕರ ಕಚೇರಿಯವರೆಗೆ, ಶಾಲೆಯ ಗಣಕ ಕೊಠಡಿಯಿಂದ ಆಸ್ಪತ್ರೆಯ ನೋಂದಣಿ ವಿಭಾಗದವರೆಗೆ ಎಲ್ಲೆಡೆ ಕಾಡುವ ಈ ತೊಂದರೆಯ ಮೂಲವೇನು, ಪರಿಹಾರವೇನು ಎಂಬುದರ ವಿವರಣೆ ಇಲ್ಲಿದೆ.

ಏನಿದು ಹಂಚಿಕೆಯ ಫೋಲ್ಡರ್?

ಒಂದು ಗಣಕದ ಡಿಸ್ಕಿನಲ್ಲಿರುವ ಫೋಲ್ಡರನ್ನು ಜಾಲದಲ್ಲಿರುವ ಇತರ ಗಣಕಗಳೂ ತಮ್ಮದೇ ಎಂಬಂತೆ ಬಳಸುವ ಏರ್ಪಾಡು ಇದು. ಫೋಲ್ಡರ್ ಒದಗಿಸುವ ಗಣಕ 'ಸರ್ವರ್', ಪಡೆಯುವ ಗಣಕ 'ಕ್ಲೈಂಟ್'. ಸರ್ವರ್ ಎಂದೊಡನೆ ದೊಡ್ಡ ಯಂತ್ರವನ್ನು ಕಲ್ಪಿಸಿಕೊಳ್ಳಬೇಕಿಲ್ಲ. ಒಳಕೋಣೆಯ ಹಳೆಯ ಗಣಕವೂ ಸರ್ವರ್ ಆಗಬಲ್ಲದು.

ಇದು ಹೊಸ ವಿದ್ಯೆಯೇನಲ್ಲ. ವಿಂಡೋಸ್ ಗಣಕಗಳು ಬಳಸುವ ಎಸ್‌ಎಂಬಿ ಎಂಬ ನಿಯಮಾವಳಿಯ ಮೂಲ ರೂಪವನ್ನು 1980ರ ದಶಕದ ಮೊದಲ ಭಾಗದಲ್ಲಿ ಐಬಿಎಂನ ಬ್ಯಾರಿ ಫೈಗೆನ್‌ಬಾಮ್ ರಚಿಸಿದರು. ಯುನಿಕ್ಸ್ ಯಂತ್ರಗಳಿಗಾಗಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ಎನ್‌ಎಫ್‌ಎಸ್ ಎಂಬ ಇನ್ನೊಂದು ವ್ಯವಸ್ಥೆಯನ್ನು ತಂದಿತು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1991-92ರಲ್ಲಿ ಆರಂಭಿಸಿದ 'ಸಾಂಬಾ' ತಂತ್ರಾಂಶ ವಿಂಡೋಸ್ ಮತ್ತು ಲಿನಕ್ಸ್ ಗಣಕಗಳ ನಡುವೆ ಕಡತ ಹಂಚಿಕೊಳ್ಳಲು ಸೇತುವೆಯಾಯಿತು.

ವಿಂಡೋಸ್‌ನಲ್ಲಿ ಈ ಫೋಲ್ಡರ್‌ಗೆ 'ಝಡ್' ಅಥವಾ 'ವೈ' ಎಂಬಂತಹ ಡ್ರೈವ್ ಅಕ್ಷರ ಕೊಡುತ್ತೇವೆ. ಲಿನಕ್ಸ್‌ನಲ್ಲಿ ಖಾಲಿ ಫೋಲ್ಡರ್ ಒಂದನ್ನು ಗೊತ್ತುಮಾಡಿ ಅದರ ಮೇಲೆ ಜಾಲದ ಫೋಲ್ಡರನ್ನು ಕೂರಿಸುತ್ತೇವೆ. ಪ್ರತಿ ದಿನ ಕೈಯಿಂದ ಮಾಡುವ ಬದಲು, ಗಣಕ ಆರಂಭವಾದೊಡನೆ ತಾನಾಗಿ ಜೋಡಣೆಯಾಗಲಿ ಎಂದು ಬರೆದಿಡುತ್ತೇವೆ. ತೊಡಕು ಹುಟ್ಟುವುದು ಇಲ್ಲಿಯೇ.

ಕೂಸು ಹುಟ್ಟುವ ಮುಂಚೆ ಕುಲಾವಿ

ಕರೆಂಟ್ ಬಂದ ಕ್ಷಣದಲ್ಲಿ ಕಚೇರಿಯ ಎಲ್ಲ ಯಂತ್ರಗಳೂ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ ಸಿದ್ಧವಾಗುವುದಿಲ್ಲ. ಎಸ್‌ಎಸ್‌ಡಿ ಇರುವ ಹೊಸ ಗಣಕ ಅರ್ಧ ನಿಮಿಷದೊಳಗೆ ಪರದೆ ತೋರಿಸುತ್ತದೆ. ರೌಟರ್ ಪೂರ್ಣ ಸಜ್ಜಾಗಲು ಒಂದೆರಡು ನಿಮಿಷ ಹಿಡಿಯುವುದುಂಟು. ಹಳೆಯ ಹಾರ್ಡ್ ಡಿಸ್ಕಿನ ಸರ್ವರ್ ಇನ್ನೂ ನಿಧಾನ. ಹಠಾತ್ತನೆ ಆರಿಹೋಗಿದ್ದರೆ ಡಿಸ್ಕ್ ತಪಾಸಣೆಯನ್ನೂ ಮುಗಿಸಿ ಏಳಬೇಕು. ದೊಡ್ಡ ಕಚೇರಿಗಳಲ್ಲಿರುವ ಕೆಲವು ಸ್ವಿಚ್‌ಗಳು, ಜಾಲದಲ್ಲಿ ಸುತ್ತುದಾರಿ ಇಲ್ಲವೆಂದು ಖಚಿತಪಡಿಸಿಕೊಳ್ಳುವ 'ಸ್ಪ್ಯಾನಿಂಗ್ ಟ್ರೀ' ಪದ್ಧತಿಯ ಹಳೆಯ ರೂಪದಲ್ಲಿ, ತಂತಿ ಜೋಡಣೆಯಾದ ಮೇಲೆ 30 ಸೆಕೆಂಡ್ ಕಾಲ ದತ್ತಾಂಶವನ್ನು ಬಿಡುವುದೇ ಇಲ್ಲ.

ಹೀಗೆ ಮುಂಗಟ್ಟಿನ ಗಣಕ ಎದ್ದು "ಫೋಲ್ಡರ್ ಕೊಡು" ಎಂದು ಕೇಳುವ ಹೊತ್ತಿಗೆ ಕೊಡುವವರು ಇನ್ನೂ ಎದ್ದಿರುವುದಿಲ್ಲ. ಗಣಕ ಒಮ್ಮೆ ಕೇಳುತ್ತದೆ, ಉತ್ತರ ಬಾರದಿದ್ದರೆ ಸುಮ್ಮನಾಗುತ್ತದೆ. ಎರಡು ನಿಮಿಷದ ನಂತರ ಸರ್ವರ್ ಸಿದ್ಧವಾದರೂ ಮತ್ತೆ ಕೇಳುವವರಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ ಎಂಬ ಗಾದೆ ಇದಕ್ಕೆ ಒಪ್ಪುತ್ತದೆ. ಗಣಕ ಹಳೆಯದಾಗಿದ್ದಾಗ ಇಲ್ಲದ ತೊಂದರೆ ಹೊಸ ಗಣಕ ಕೊಂಡ ಮೇಲೆ ಕಾಣಿಸಿಕೊಂಡರೆ ಅಚ್ಚರಿಪಡಬೇಕಿಲ್ಲ. ಅದರ ವೇಗವೇ ಇಲ್ಲಿ ದೋಷ!

ವೈಫೈ ಬಳಸುವವರಿಗೆ ಇನ್ನೊಂದು ತೊಡಕಿದೆ. ವೈಫೈ ಗುಪ್ತಪದವನ್ನು ಒಬ್ಬ ಬಳಕೆದಾರನ ಖಾತೆಯಲ್ಲಷ್ಟೇ ಉಳಿಸಿದ್ದರೆ, ಆತ ಲಾಗಿನ್ ಆಗುವವರೆಗೆ ಲಿನಕ್ಸ್ ಗಣಕಕ್ಕೆ ಜಾಲವೇ ಇರುವುದಿಲ್ಲ. ಸಂಪರ್ಕದ ಆಯ್ಕೆಗಳಲ್ಲಿ 'ಎಲ್ಲ ಬಳಕೆದಾರರಿಗೂ ಲಭ್ಯ' ಎಂಬುದನ್ನು ಗುರುತು ಮಾಡಿದರೆ ಇದು ಸರಿಹೋಗುತ್ತದೆ. ಸಾಧ್ಯವಿದ್ದಲ್ಲಿ ಲೆಕ್ಕದ ಗಣಕಗಳನ್ನು ತಂತಿಯಿಂದಲೇ ಜೋಡಿಸುವುದು ಉತ್ತಮ.

ಮೊದಲು ರೋಗ ಪತ್ತೆ

ಫೋಲ್ಡರ್ ಕಾಣದಾದೊಡನೆ ಗಣಕವನ್ನು ಅಳಿಸಿ ಹೊಸದಾಗಿ ತಂತ್ರಾಂಶ ತುಂಬುವುದು, ಗುಪ್ತಪದ ಬದಲಿಸುವುದು, ರಕ್ಷಣಾಗೋಡೆ (ಫೈರ್‌ವಾಲ್) ಕಿತ್ತುಹಾಕುವುದು ಬೇಡ. ಐದು ನಿಮಿಷ ಸುಮ್ಮನಿದ್ದು, ನಂತರ ಫೋಲ್ಡರನ್ನು ಕೈಯಿಂದ ತೆರೆದು ನೋಡಿ. ತೆರೆದುಕೊಂಡರೆ ಹೆಸರು, ಗುಪ್ತಪದ, ಅನುಮತಿ ಎಲ್ಲವೂ ಸರಿಯಾಗಿವೆ. ತೊಂದರೆ ಕೇವಲ ಸಮಯದ್ದು ಎಂದು ತಿಳಿಯಬೇಕು. ತೆರೆಯದಿದ್ದರೆ ದೋಷ ಬೇರೆಡೆ ಇದೆ.

ಆಗ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷಿಸಬೇಕು. ಮೊದಲನೆಯದು, ಸರ್ವರ್‌ನ ಐಪಿ ವಿಳಾಸಕ್ಕೆ 'ಪಿಂಗ್' ಮಾಡಿದರೆ ಉತ್ತರ ಬರುತ್ತದೆಯೇ? ಬಾರದಿದ್ದರೆ ತಂತಿ, ಸ್ವಿಚ್ ಅಥವಾ ಸರ್ವರ್ ಕಡೆ ನೋಡಿ. ಕೆಲವು ಗಣಕಗಳ ರಕ್ಷಣಾಗೋಡೆ ಪಿಂಗ್‌ಗೆ ಉತ್ತರ ಕೊಡದಂತೆ ತಡೆಯುವುದೂ ಉಂಟೆಂಬುದು ನೆನಪಿರಲಿ. ಎರಡನೆಯದು, ವಿಳಾಸದ ಬದಲು ಸರ್ವರ್‌ನ ಹೆಸರು ಬಳಸಿದರೆ ಉತ್ತರ ಬರುತ್ತದೆಯೇ? ವಿಳಾಸಕ್ಕೆ ಬಂದು ಹೆಸರಿಗೆ ಬಾರದಿದ್ದರೆ ಹೆಸರು ಹುಡುಕುವ ವ್ಯವಸ್ಥೆ ಸೋತಿದೆ. ಮೂರನೆಯದು, ವಿಳಾಸ ಬಳಸಿ ಫೋಲ್ಡರ್ ತೆರೆದಾಗ ಗುಪ್ತಪದ ಒಪ್ಪಿಗೆಯಾಗುತ್ತದೆಯೇ?

ಎರಡನೆಯ ಮೆಟ್ಟಿಲಲ್ಲಿ ಎಡವುವವರೇ ಹೆಚ್ಚು. ರೌಟರ್ ಪ್ರತಿ ಬಾರಿ ಆರಂಭವಾದಾಗ ಸರ್ವರ್‌ಗೆ ಬೇರೆ ವಿಳಾಸ ಕೊಡುವ ಸಾಧ್ಯತೆ ಇದೆ. ನಿನ್ನೆ 10ನೇ ಮನೆಯಲ್ಲಿದ್ದವರು ಇಂದು 14ನೇ ಮನೆಗೆ ಹೋದರೆ ಅಂಚೆಯವನೇನು ಮಾಡಿಯಾನು? ರೌಟರ್‌ನ ಆಯ್ಕೆಗಳಲ್ಲಿ ಸರ್ವರ್‌ಗೆ ಒಂದು ವಿಳಾಸವನ್ನು ಕಾಯಂ ಆಗಿ ಕಾದಿರಿಸುವುದು ಇದಕ್ಕೆ ಮದ್ದು. ರೌಟರ್ ಬದಲಿಸಿದ ಮೇಲೆ ತೊಂದರೆ ಬಂದಿದ್ದರೆ ಇನ್ನೊಂದು ಅಂಶ ಗಮನಿಸಿ: ವಿಂಡೋಸ್ ಹೊಸ ಜಾಲವನ್ನು 'ಪಬ್ಲಿಕ್' ಎಂದು ಪರಿಗಣಿಸಿ ಹಂಚಿಕೆಯನ್ನು ತಡೆದಿರಬಹುದು. ನಿಮ್ಮದೇ ಕಚೇರಿಯ ಜಾಲವಾಗಿದ್ದರೆ ಅದನ್ನು 'ಪ್ರೈವೇಟ್' ಎಂದು ಬದಲಿಸಬೇಕು.

ವಿಂಡೋಸ್ ಬಳಕೆದಾರರಿಗೆ

ಲಾಗಿನ್ ಆದೊಡನೆ ಮೂಲೆಯಲ್ಲಿ 'ಎಲ್ಲ ನೆಟ್‌ವರ್ಕ್ ಡ್ರೈವ್‌ಗಳನ್ನು ಮರುಜೋಡಿಸಲಾಗಲಿಲ್ಲ' ಎಂಬ ಅರ್ಥದ ಸಂದೇಶ, ಡ್ರೈವ್‌ನ ಚಿತ್ರದ ಮೇಲೊಂದು ಕೆಂಪು ಅಡ್ಡಗೆರೆ: ಇವು ಅನೇಕರು ಕಂಡ ಲಕ್ಷಣಗಳು. ವಿಂಡೋಸ್ 10ರ 1809ನೇ ಆವೃತ್ತಿಯಲ್ಲಿ ಇದು ಎಷ್ಟು ವ್ಯಾಪಕವಾಗಿತ್ತೆಂದರೆ, ಲಾಗಿನ್ ಆದ ಮೇಲೆ ಡ್ರೈವ್‌ಗಳನ್ನು ಮತ್ತೆ ಜೋಡಿಸುವ ಪುಟ್ಟ ಆದೇಶ ಕಡತವೊಂದನ್ನು ಸ್ವತಃ ಮೈಕ್ರೋಸಾಫ್ಟ್ ಸೂಚಿಸಬೇಕಾಯಿತು.

ಆ ಉಪಾಯ ಇಂದಿಗೂ ಸಣ್ಣ ಕಚೇರಿಗಳಿಗೆ ಒಗ್ಗುತ್ತದೆ. 'ಟಾಸ್ಕ್ ಶೆಡ್ಯೂಲರ್'ನಲ್ಲಿ ಹೊಸ ಕೆಲಸವೊಂದನ್ನು ಸೃಷ್ಟಿಸಿ, ಲಾಗಿನ್ ಆದ ಒಂದು ನಿಮಿಷದ ಬಳಿಕ 'ನೆಟ್ ಯೂಸ್' ಆದೇಶ ಓಡುವಂತೆ ಮಾಡಿದರೆ ಸಾಕು. ಒಂದು ಎಚ್ಚರಿಕೆ: ಆ ಕೆಲಸಕ್ಕೆ 'ಅತ್ಯುನ್ನತ ಅಧಿಕಾರ' ನೀಡುವ ಆಯ್ಕೆಯನ್ನು ಗುರುತು ಮಾಡಬೇಡಿ. ಹಾಗೆ ಮಾಡಿದರೆ ಡ್ರೈವ್ ಆಡಳಿತಾಧಿಕಾರದ ಪಾಲಿಗೆ ಜೋಡಣೆಯಾಗುತ್ತದೆಯೇ ಹೊರತು ಸಾಮಾನ್ಯ ಬಳಕೆದಾರನ ಕಣ್ಣಿಗೆ ಬೀಳುವುದಿಲ್ಲ. ಗುಪ್ತಪದವನ್ನು ಆದೇಶದಲ್ಲೇ ಬರೆದಿಡುವ ಬದಲು 'ಕ್ರೆಡೆನ್ಶಿಯಲ್ ಮ್ಯಾನೇಜರ್'ನಲ್ಲಿ ಉಳಿಸುವುದು ಕ್ಷೇಮ.

ಡೊಮೇನ್ ವ್ಯವಸ್ಥೆ ಇರುವ ದೊಡ್ಡ ಕಚೇರಿಗಳಲ್ಲಿ 'ಗ್ರೂಪ್ ಪಾಲಿಸಿ'ಯ ಲಾಗಾನ್ ವಿಭಾಗದಲ್ಲಿ, ಆರಂಭದ ವೇಳೆ ಜಾಲಕ್ಕಾಗಿ ಯಾವಾಗಲೂ ಕಾಯಬೇಕೆಂಬ ಆಯ್ಕೆಯಿದೆ. ಇದನ್ನು ಸಕ್ರಿಯಗೊಳಿಸಿದರೆ ಗಣಕ ಕೊಂಚ ತಡವಾಗಿ ತೆರೆದರೂ ಡ್ರೈವ್‌ಗಳು ಬರುವ ಭರವಸೆ ಹೆಚ್ಚುತ್ತದೆ. ಇಂತಹ ಕಚೇರಿಗಳಲ್ಲಿ ಗಣಕದ ಗಡಿಯಾರವನ್ನೂ ನೋಡಬೇಕು. ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸತ್ತ ಹಳೆಯ ಗಣಕ ಕರೆಂಟ್ ಹೋದೊಡನೆ ದಿನಾಂಕ ಮರೆಯುತ್ತದೆ. ಸರ್ವರ್‌ಗೂ ಕ್ಲೈಂಟ್‌ಗೂ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಡೊಮೇನ್‌ನ ಗುರುತು ಪರಿಶೀಲನೆ ಸಾಮಾನ್ಯವಾಗಿ ನಿರಾಕರಣೆಯಲ್ಲಿ ಕೊನೆಗೊಳ್ಳುತ್ತದೆ.

ಹಿಂದಿನ ದಿನ ತೆರೆಯುತ್ತಿದ್ದ ಫೋಲ್ಡರ್ ವಿಂಡೋಸ್ ನವೀಕರಣದ ನಂತರ ಶಾಶ್ವತವಾಗಿ ಮುಚ್ಚಿಕೊಂಡರೆ ಕಾರಣ ಬೇರೆ. 2017ರ ಮೇ ತಿಂಗಳಲ್ಲಿ ಜಗತ್ತನ್ನು ನಡುಗಿಸಿದ 'ವನ್ನಾಕ್ರೈ' ದಾಳಿ ನುಗ್ಗಿದ್ದು ಹಳೆಯ ಎಸ್‌ಎಂಬಿ 1ರ ಬಾಗಿಲಿನಿಂದ. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709ನೇ ಆವೃತ್ತಿಯ ಹೊಸ ಅಳವಡಿಕೆಗಳಿಂದ ಈ ಹಳೆಯ ನಿಯಮಾವಳಿಯನ್ನು ಕೈಬಿಡಲಾಯಿತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಗುಪ್ತಪದವಿಲ್ಲದ 'ಅತಿಥಿ' ಪ್ರವೇಶಕ್ಕೂ ಕಡಿವಾಣ ಇನ್ನಷ್ಟು ಬಿಗಿಯಾಯಿತು. ಎಷ್ಟೋ ಅಂಗಡಿಗಳಲ್ಲಿ ಹಂಚಿಕೆಯ ಫೋಲ್ಡರ್‌ಗೆ ಗುಪ್ತಪದವೇ ಇರುವುದಿಲ್ಲ. ಅಂಥವರು ರಕ್ಷಣೆಯನ್ನು ತೆಗೆದುಹಾಕುವ ಬದಲು ಸರ್ವರ್‌ನಲ್ಲಿ ಬಳಕೆದಾರರ ಹೆಸರು, ಗುಪ್ತಪದ ಸೃಷ್ಟಿಸಿ ಅದರಿಂದಲೇ ಪ್ರವೇಶಿಸುವುದು ಸರಿಯಾದ ಕ್ರಮ.

ಲಿನಕ್ಸ್ ಬಳಕೆದಾರರಿಗೆ

ಲಿನಕ್ಸ್‌ನಲ್ಲಿ ಯಾವ ಫೋಲ್ಡರ್ ಎಲ್ಲಿ ಕೂರಬೇಕೆಂಬುದನ್ನು 'ಎಫ್‌ಎಸ್‌ಟ್ಯಾಬ್' ಎಂಬ ಕಡತದಲ್ಲಿ ಸಾಲಾಗಿ ಬರೆಯಲಾಗುತ್ತದೆ. ಇದನ್ನು ಓದಿ ಕ್ರಮವಾಗಿ ಜೋಡಿಸುವ ಹೊಣೆ ಇಂದಿನ ಬಹುತೇಕ ಲಿನಕ್ಸ್‌ಗಳಲ್ಲಿ 'ಸಿಸ್ಟಂಡಿ' ಎಂಬ ಮೇಲ್ವಿಚಾರಕನದ್ದು. ಡೆಬಿಯನ್ ಮತ್ತು ಉಬುಂಟು ಎರಡೂ 2015ರಲ್ಲಿ ಇದನ್ನು ಅಳವಡಿಸಿಕೊಂಡವು.

ಲಾಗಿನ್ ಆದ ಮೇಲೆ 'ಮೌಂಟ್' ಆದೇಶಕ್ಕೆ 'ಎ' ಆಯ್ಕೆ ಸೇರಿಸಿ ಓಡಿಸಿದಾಗ ಫೋಲ್ಡರ್ ಬಂದು, ಗಣಕವನ್ನು ಮತ್ತೆ ಆರಂಭಿಸಿದಾಗ ಬಾರದಿದ್ದರೆ, ತೊಂದರೆ ಸಮಯದ್ದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. 'ಜರ್ನಲ್‌ಸಿಟಿಎಲ್' ಆದೇಶ ತೋರಿಸುವ ದಿನಚರಿಯಲ್ಲಿ ಜೋಡಣೆಯ ಯತ್ನ ಎಷ್ಟು ಹೊತ್ತಿಗೆ ನಡೆಯಿತು, ಜಾಲಕ್ಕೆ ವಿಳಾಸ ಎಷ್ಟು ಹೊತ್ತಿಗೆ ಸಿಕ್ಕಿತು ಎಂಬೆರಡನ್ನು ಹೋಲಿಸಿದರೆ ಯಾರು ಅವಸರಪಟ್ಟರೆಂಬುದು ತಿಳಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಸಿಸ್ಟಂಡಿಯ ಭಾಷೆಯಲ್ಲಿ 'ನೆಟ್‌ವರ್ಕ್ ಟಾರ್ಗೆಟ್' ಎಂದರೆ ಜಾಲದ ತಂತ್ರಾಂಶ ಆರಂಭವಾಗಿದೆ ಎಂದಷ್ಟೇ ಅರ್ಥ. ಜಾಲ ನಿಜಕ್ಕೂ ಸಿದ್ಧವಾಗಿದೆ ಎಂಬುದಕ್ಕೆ 'ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್' ಎಂಬ ಬೇರೊಂದು ಗುರುತಿದೆ. ಅದು ಕೆಲಸ ಮಾಡಬೇಕಾದರೆ ಜಾಲಕ್ಕಾಗಿ ಕಾಯುವ 'ವೇಟ್ ಆನ್‌ಲೈನ್' ಸೇವೆ ಸಕ್ರಿಯವಾಗಿರಬೇಕು. ಇಷ್ಟಾದರೂ ನಮ್ಮ ಗಣಕಕ್ಕೆ ಜಾಲ ಸಿಕ್ಕಿದೆ ಎಂದಾಯಿತೇ ವಿನಾ, ಆ ಕಡೆಯ ಸರ್ವರ್ ಎದ್ದಿದೆ ಎಂದಲ್ಲ.

ಆದ್ದರಿಂದ ಹೆಚ್ಚು ಭದ್ರವಾದ ದಾರಿಯೆಂದರೆ 'ಆಟೋಮೌಂಟ್'. ಎಫ್‌ಎಸ್‌ಟ್ಯಾಬ್ ಸಾಲಿನ ಆಯ್ಕೆಗಳಲ್ಲಿ 'ಎಕ್ಸ್-ಸಿಸ್ಟಂಡಿ.ಆಟೋಮೌಂಟ್' ಎಂದು ಸೇರಿಸಿದರೆ, ಆರಂಭದ ವೇಳೆ ಫೋಲ್ಡರನ್ನು ಜೋಡಿಸುವ ಗೋಜಿಗೇ ಗಣಕ ಹೋಗುವುದಿಲ್ಲ. ಯಾರಾದರೂ ಮೊದಲ ಸಲ ಆ ಫೋಲ್ಡರ್ ತೆರೆದ ಕ್ಷಣದಲ್ಲಿ ಜೋಡಣೆ ನಡೆಯುತ್ತದೆ. ಆಗ ಸರ್ವರ್ ಸಿಗದಿದ್ದರೆ ದೋಷದ ಸಂದೇಶ ಬರುತ್ತದೆ, ಆಮೇಲೆ ತೆರೆದಾಗ ಮತ್ತೆ ಯತ್ನಿಸುತ್ತದೆ. ಜೊತೆಗೆ 'ನೋಫೇಲ್' ಎಂಬ ಆಯ್ಕೆ ಸೇರಿಸಿದರೆ ಫೋಲ್ಡರ್ ಸಿಗಲಿಲ್ಲವೆಂದು ಗಣಕದ ಆರಂಭವೇ ತಡವಾಗುವುದು ತಪ್ಪುತ್ತದೆ. ಕಾಯುವ ಅವಧಿಯನ್ನು 30 ಸೆಕೆಂಡಿಗೆ ಮಿತಿಗೊಳಿಸುವ ಆಯ್ಕೆಯೂ ಉಂಟು. ಕಡತ ತಿದ್ದಿದ ನಂತರ 'ಸಿಸ್ಟಂಸಿಟಿಎಲ್ ಡೀಮನ್-ರಿಲೋಡ್' ಆದೇಶ ಕೊಡುವುದನ್ನು ಮರೆಯಬಾರದು. ಗುಪ್ತಪದವನ್ನು ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದರೆ ಎಲ್ಲರೂ ಓದಬಹುದು. ಅದನ್ನು ಪ್ರತ್ಯೇಕ ಕಡತದಲ್ಲಿಟ್ಟು, ಆಡಳಿತಾಧಿಕಾರಿ ಮಾತ್ರ ಓದುವಂತೆ ಮಾಡಬೇಕು.

ಕಾಣದ ಅಪಾಯ

ಇಷ್ಟೆಲ್ಲ ಕಸರತ್ತು ಕೇವಲ ಅನುಕೂಲಕ್ಕಾಗಿ ಅಲ್ಲ. ಫೋಲ್ಡರ್ ಬಾರದಿದ್ದರೆ ಕೆಲಸ ಅರ್ಧ ಗಂಟೆ ನಿಲ್ಲಬಹುದು. ಅದು ದೊಡ್ಡ ನಷ್ಟವಲ್ಲ. ಫೋಲ್ಡರ್ ಬಂದಿಲ್ಲ ಎಂಬುದೇ ಗೊತ್ತಾಗದೆ ಕೆಲಸ ಮುಂದುವರಿಯುವುದು ನಿಜವಾದ ನಷ್ಟ.

ಲಿನಕ್ಸ್‌ನಲ್ಲಿ ಈ ಅಪಾಯ ಹೆಚ್ಚು. ಜೋಡಣೆ ವಿಫಲವಾದಾಗ ಕೆಳಗಿದ್ದ ಖಾಲಿ ಫೋಲ್ಡರ್ ಹಾಗೆಯೇ ಉಳಿದಿರುತ್ತದೆ. ಹೆಸರೂ ಅದೇ, ದಾರಿಯೂ ಅದೇ. ರಾತ್ರಿ ತಾನಾಗಿ ನಡೆಯುವ ಬ್ಯಾಕಪ್ ಕೂಡ ಯಾವ ದೂರೂ ಇಲ್ಲದೆ ಅದರೊಳಗೆ ಬರೆಯುತ್ತದೆ. ಪ್ರತಿಯನ್ನು ಬೇರೆ ಯಂತ್ರದಲ್ಲಿ ಇಟ್ಟಿದ್ದೇವೆಂದು ನಾವು ನಂಬಿರುತ್ತೇವೆ. ಅದು ಕುಳಿತಿರುವುದು ಅದೇ ಡಿಸ್ಕಿನಲ್ಲಿ. ಮರುದಿನ ಜಾಲದ ಫೋಲ್ಡರ್ ಅದರ ಮೇಲೆ ಬಂದು ಕುಳಿತಾಗ ಹಿಂದಿನ ದಿನದ ಕಡತಗಳು ಅದರಡಿ ಮರೆಯಾಗುತ್ತವೆ. ವಿಂಡೋಸ್‌ನಲ್ಲಿ ಡ್ರೈವ್ ಇಲ್ಲವೆಂಬುದು ಕಣ್ಣಿಗೆ ಕಂಡರೂ, ನಮ್ಮ ಮುನೀಮರಂತೆ ಅವಸರದಲ್ಲಿ ಬೇರೆಡೆ ಬರೆದಿಡುವವರು ಇದ್ದೇ ಇರುತ್ತಾರೆ.

ಸಮಾಧಾನದ ಸಂಗತಿಯೆಂದರೆ ಹೀಗೆ ಮರೆಯಾದದ್ದು ಅಳಿದಿರುವುದಿಲ್ಲ. ಲಿನಕ್ಸ್‌ನಲ್ಲಿ ಎಲ್ಲರ ಕೆಲಸ ನಿಲ್ಲಿಸಿ ಜಾಲದ ಫೋಲ್ಡರನ್ನು ಬೇರ್ಪಡಿಸಿದರೆ ಕೆಳಗಿನ ಕಡತಗಳು ಕಾಣುತ್ತವೆ. ಅವನ್ನು ಬೇರೆ ಹೆಸರಿನ ಫೋಲ್ಡರ್‌ಗೆ ಸಾಗಿಸಿ, ಆಮೇಲೆ ಹೋಲಿಸಿ ಸೇರಿಸಬೇಕು. ಒಂದೇ ಹೆಸರಿನ ಹೊಸ ಕಡತವನ್ನು ಹಳೆಯದರ ಮೇಲೆ ಬರೆದುಬಿಟ್ಟರೆ ಎರಡರಲ್ಲಿ ಒಂದು ಹೋದಂತೆಯೇ. ಇನ್ನು ಮುಂದೆ ಹೀಗಾಗದಿರಲು, ಖಾಲಿ ಫೋಲ್ಡರನ್ನು 'ಚ್ಯಾಟರ್' ಆದೇಶದಿಂದ ಬದಲಾಯಿಸಲಾಗದಂತೆ ಬಂಧಿಸಿಡಬಹುದು. ಆಗ ಜೋಡಣೆಯಿಲ್ಲದಿದ್ದರೆ ಬರೆಯಲು ಹೋದವರಿಗೆ ದೋಷದ ಸಂದೇಶ ಸಿಗುತ್ತದೆ. ಬ್ಯಾಕಪ್ ಆದೇಶದಲ್ಲಿಯೂ 'ಮೌಂಟ್‌ಪಾಯಿಂಟ್' ಪರೀಕ್ಷೆ ಸೇರಿಸಿ, ಜೋಡಣೆ ಇದ್ದರೆ ಮಾತ್ರ ಮುಂದುವರಿಯುವಂತೆ ಮಾಡಬೇಕು.

ಕಚೇರಿಯ ಶಿಸ್ತು

ಕೊನೆಯದಾಗಿ, ತಂತ್ರಾಂಶಕ್ಕೆ ಕೈಹಚ್ಚದೆಯೇ ಮಾಡಬಹುದಾದ ಕೆಲವು ಕೆಲಸಗಳಿವೆ. ಸರ್ವರ್, ರೌಟರ್, ಸ್ವಿಚ್ ಈ ಮೂರನ್ನೂ ಯುಪಿಎಸ್‌ಗೆ ಜೋಡಿಸಿ. ಗಣಕಕ್ಕೆ ಯುಪಿಎಸ್ ಕೊಟ್ಟು ಸ್ವಿಚ್ ಮರೆಯುವುದು ಸಾಮಾನ್ಯ ತಪ್ಪು. ಕರೆಂಟ್ ಬಂದಾಗ ತಾನಾಗಿ ಏಳುವ ಬಯಾಸ್ ಆಯ್ಕೆಯನ್ನು ಸರ್ವರ್‌ನಲ್ಲಿ ಮಾತ್ರ ಇರಿಸಿ. ಉಳಿದವನ್ನು ಎರಡು ಮೂರು ನಿಮಿಷ ಬಿಟ್ಟು ಕೈಯಿಂದ ಆರಂಭಿಸಿ. ಸರ್ವರ್ ನಿದ್ರೆಗೆ ಜಾರದಂತೆ ಅದರ ವಿದ್ಯುತ್ ಆಯ್ಕೆಗಳನ್ನು ಬದಲಿಸಿ. ಹಂಚಿಕೆಯ ಫೋಲ್ಡರ್‌ನಲ್ಲಿ ಗುರುತಿನ ಕಡತವೊಂದನ್ನು ಇರಿಸಿ, ಅದು ಕಂಡರಷ್ಟೇ ಲೆಕ್ಕ ಬರೆಯಲು ಕೂರಬೇಕೆಂಬ ರೂಢಿ ಬೆಳೆಸಿ. ಕಾಣದ ದಿನ ಹೊಸ ಖಾತೆ ತೆರೆಯುವ ಬದಲು ಕಾಗದದ ಮೇಲೆ ಬರೆದುಕೊಳ್ಳುವುದು ಲೇಸು.

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಹರಿದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳು ಜಲಾವೃತವಾದುದನ್ನು ಈ ಭಾಗದ ಜನ ಮರೆತಿಲ್ಲ. ಆದ್ದರಿಂದ ಸರ್ವರ್ ಪೆಟ್ಟಿಗೆ ನೆಲದ ಮೇಲಲ್ಲ, ಎತ್ತರದಲ್ಲಿರಲಿ. ಲೆಕ್ಕದ ಒಂದು ಪ್ರತಿ ಬೇರೊಂದು ಊರಿನಲ್ಲಿರಲಿ.

ಒಂದು ಫೋಲ್ಡರ್‌ನಲ್ಲಿ ಎಷ್ಟೋ ರೈತರ ತೂಕದ ಚೀಟಿ ಇರುತ್ತದೆ, ಅವರಿಗೆ ಸಲ್ಲಬೇಕಾದ ಹಣದ ಲೆಕ್ಕ ಇರುತ್ತದೆ. ಅದನ್ನು ಉಳಿಸಲು ಬೇಕಾದದ್ದು ದುಬಾರಿ ಯಂತ್ರವಲ್ಲ, ಎರಡು ನಿಮಿಷದ ತಾಳ್ಮೆ. ತಾಳಿದವನು ಬಾಳಿಯಾನು ಎಂಬ ಹಿರಿಯರ ಮಾತು ಗಣಕಕ್ಕೂ ಅನ್ವಯಿಸುತ್ತದೆ. ಕಾಯುವುದನ್ನು ಅದಕ್ಕೆ ಕಲಿಸಬೇಕಾದವರು ಮಾತ್ರ ನಾವು.